ಶುಕ್ರವಾರ ರಾತ್ರಿ ಹೊರಡಬೇಡಿ

ಟೆಂಪೋ ಟ್ರಾವೆಲರ್ (ಟಿಟಿ) ಮಾಡಿಕೊಂಡು ಟ್ರಿಪ್ ಹೊರಟಿರುವ ಅಣ್ಣತಮ್ಮ ಅಕ್ಕತಂಗಿಯರ ಗುಂಪಿಗೆ, ಆಫೀಸಿನ ಗೆಳೆಯರಿಗೆ, ಭಜನಾ ಮಂಡಳಿಯವರಿಗೆ, ಹೈಸ್ಕೂಲಿನ ಹಳೇ ಬ್ಯಾಚಿನವರಿಗೆ,



ರಜೆ ಹತ್ತಿರ ಬಂತೆಂದರೆ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಏನೇನು ನಡೆಯುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಯಾರೋ ಒಬ್ಬರು "ಈ ಸಲ ಎಲ್ಲರೂ ಸೇರಿ ಎಲ್ಲಾದರೂ ಹೋಗೋಣ" ಅಂತಾರೆ. ಹೆಬ್ಬೆರಳುಗಳ ಸುರಿಮಳೆಯಾಗುತ್ತದೆ. ಎರಡು ದಿನ ಕಳೆದ ಮೇಲೆ ಕಾರುಗಳಲ್ಲಿ ಹೋಗುವುದೋ, ಒಂದೇ ದೊಡ್ಡ ಗಾಡಿ ಮಾಡುವುದೋ ಅನ್ನುವ ಜಿಜ್ಞಾಸೆ. ಕೊನೆಗೆ ಯಾರ ಭಾವಮೈದನಿಗೋ ಗೊತ್ತಿರುವ ಒಬ್ಬರ ನಂಬರ್ ಬರುತ್ತದೆ. ಅಷ್ಟು ಹೊತ್ತಿಗೆ ನೋಡಬೇಕಾದ ಜಾಗಗಳ ಪಟ್ಟಿ ಕುಕ್ಕೆಯಿಂದ ಶುರುವಾಗಿ ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ, ಕೊಲ್ಲೂರು ದಾಟಿ ಮುರುಡೇಶ್ವರಕ್ಕೆ ಮುಟ್ಟಿರುತ್ತದೆ. ಇದ್ದದ್ದು ಎರಡು ದಿನ.

ಒಂದೇ ಗಾಡಿ ಮಾಡಿಕೊಂಡು ಹೋಗಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಪಟ್ಟಿಯ ಬಗ್ಗೆ. ನಾವು ಮೊದಲು ಜಾಗ ಗೊತ್ತು ಮಾಡುತ್ತೇವೆ, ಆಮೇಲೆ ಗಾಡಿ, ಡ್ರೈವರ್ ಯಾರು ಅನ್ನುವುದು ಹೊರಡುವ ಗಳಿಗೆಯವರೆಗೂ ಗೊತ್ತಿರುವುದಿಲ್ಲ. ಇದನ್ನು ತಿರುವುಮುರುವು ಮಾಡಬೇಕು. ಡ್ರೈವರ್ ಎಷ್ಟು ಹೊತ್ತು ಎಚ್ಚರವಾಗಿರಬಲ್ಲ, ಎಷ್ಟು ಹೊತ್ತು ಮಲಗಬೇಕು ಅನ್ನುವುದು ಮೊದಲು. ಆ ಗಾಡಿ ಯಾವ ಘಟ್ಟ ಹತ್ತುತ್ತದೆ ಅನ್ನುವುದು ಆಮೇಲೆ. ಮುರುಡೇಶ್ವರ ಕೊನೆಗೆ.

ಮೊದಲು ದುಡ್ಡಿನ ಮಾತು ಮುಗಿಸೋಣ, ಯಾಕೆಂದರೆ ಗುಂಪಿನಲ್ಲಿ ಜಗಳ ಶುರುವಾಗುವುದೇ ಅಲ್ಲಿ. ಟಿಟಿ ಮಾಡಿದರೆ ಅಗ್ಗ ಅಂತ ಯಾರಾದರೂ ಹೇಳಿದರೆ ಒಂದು ಕಾಗದದ ಮೇಲೆ ಲೆಕ್ಕ ಹಾಕಿ. ಬೆಂಗಳೂರಿನಿಂದ 12 ಜನ, 3 ದಿನ, ಒಟ್ಟು 800 ಕಿಲೋಮೀಟರ್ ಸುತ್ತಾಟ ಅಂತಿಟ್ಟುಕೊಳ್ಳಿ. ಮೂರು ಕಾರುಗಳಲ್ಲಿ ಹೋದರೆ, ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 53 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಅಂತ ದುಂಡಗೆ ಹಿಡಿದರೂ ಮೂರು ಕಾರಿಗೆ ಸುಮಾರು 16,000 ರೂಪಾಯಿ. ಟಿಟಿಗೆ ಕಿ.ಮೀ.ಗೆ 24 ರೂಪಾಯಿ ಅಂದುಕೊಳ್ಳಿ. ಹೊರಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಅಂತ ಇರುತ್ತದೆ, ಸಾಮಾನ್ಯವಾಗಿ 250 ಇಲ್ಲವೇ 300. ದಿನಕ್ಕೆ 300ರ ಹಾಗೆ ಮೂರು ದಿನಕ್ಕೆ 900 ಕಿ.ಮೀ. ನೀವು ಓಡಿಸಿದ್ದು 800 ಆದರೂ ಕೊಡುವುದು 900ಕ್ಕೆ. ಅಂದರೆ 21,600. ಡ್ರೈವರ್ ಭತ್ಯೆ (ಬಾಟಾ) ದಿನಕ್ಕೆ 600ರಂತೆ 1,800. ಅಲ್ಲಿಗೆ 23,400. ಟೋಲ್, ಪಾರ್ಕಿಂಗ್ ಎರಡು ಕಡೆಯೂ ಇದ್ದದ್ದೇ. ತಲೆಗೆ 600 ರೂಪಾಯಿ ಟಿಟಿಯೇ ಜಾಸ್ತಿ ಬಿತ್ತು.

ಆ 600 ರೂಪಾಯಿಗೆ ಏನು ಸಿಗುತ್ತದೆ ಅಂತ ಕೇಳಿದರೆ, ನಿಮ್ಮ ಬಳಗದ ಮೂವರು ಕಾರ್ ಮಾಲೀಕರನ್ನು ಕೇಳಿ ಅಂತೀನಿ. ಪ್ರತಿ ಟ್ರಿಪ್ಪಿನಲ್ಲೂ ಸ್ಟೇರಿಂಗ್ ಹಿಡಿದು ಕೂತು, ಘಟ್ಟದ ತಿರುವನ್ನೇ ನೋಡುತ್ತಾ, ಹಿಂದಿನವರು "ಅಯ್ಯೋ ಫಾಲ್ಸ್ ನೋಡು ಫಾಲ್ಸ್ ನೋಡು" ಅಂದಾಗ ಕತ್ತು ತಿರುಗಿಸಲಾಗದೆ ಹೋದವರು ಅವರು. ಮೂರು ಕಾರಿನಲ್ಲಿ ಹೋದ ಟ್ರಿಪ್ ಮೂರು ಬೇರೆ ಬೇರೆ ಟ್ರಿಪ್ಪುಗಳಾಗಿಬಿಡುತ್ತದೆ. ಒಂದು ಕಾರು ಹಾಸನದಲ್ಲಿ ತಿಂಡಿಗೆ ನಿಂತಿದ್ದರೆ ಇನ್ನೊಂದು ಆಗಲೇ ಸಕಲೇಶಪುರ ದಾಟಿರುತ್ತದೆ, ಮೂರನೆಯದು ಫೋನ್ ಎತ್ತುವುದಿಲ್ಲ. ಒಂದೇ ಗಾಡಿಯಲ್ಲಾದರೆ ದೊಡ್ಡಮ್ಮನ ಪುಳಿಯೋಗರೆ ಎಲ್ಲರ ಕೈಗೂ ಬರುತ್ತದೆ. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಚಿಕ್ಕಪ್ಪಂದಿರು ಅಂತ್ಯಾಕ್ಷರಿಯಲ್ಲಿ ಒಂದೇ ಪಾರ್ಟಿಗೆ ಬಿದ್ದು ಹಾಡಲೇಬೇಕಾಗುತ್ತದೆ. ಇಂಥದ್ದಕ್ಕೆ ತಲೆಗೆ 600 ಕೊಡುವ ಮನಸ್ಸಿದ್ದರೆ ಮಾತ್ರ ಟಿಟಿ ಮಾಡಿ. ಉಳಿತಾಯಕ್ಕಂತ ಮಾಡಬೇಡಿ.

ಈಗ ಶುಕ್ರವಾರ ರಾತ್ರಿಯ ವಿಷಯ.

ನಿಮಗೆ ಅದು ಬುದ್ಧಿವಂತಿಕೆ ಅನ್ನಿಸುತ್ತದೆ ಅಂತ ಗೊತ್ತು. ಆಫೀಸು ಮುಗಿಸಿ, ಊಟ ಮಾಡಿ, ರಾತ್ರಿ ಹತ್ತಕ್ಕೆ ಹೊರಟರೆ ಗಾಡಿಯಲ್ಲೇ ನಿದ್ದೆ, ಬೆಳಗಾಗುವಷ್ಟರಲ್ಲಿ ಕುಕ್ಕೆ, ಒಂದು ರಾತ್ರಿಯ ರೂಮ್ ಬಾಡಿಗೆಯೂ ಉಳಿಯಿತು, ರಜೆಯೂ ಉಳಿಯಿತು. ಆದರೆ ಬಾಡಿಗೆ ಗಾಡಿಯವರಲ್ಲಿ ಹೆಚ್ಚಿನವರು ದಿನವನ್ನು ಎಣಿಸುವುದು ರಾತ್ರಿ 12ರಿಂದ ರಾತ್ರಿ 12ಕ್ಕೆ. ಶುಕ್ರವಾರ ಹತ್ತು ಗಂಟೆಗೆ ನೀವು ಗಾಡಿ ಹತ್ತಿದಿರೆಂದರೆ ಇನ್ನೆರಡು ಗಂಟೆಯಲ್ಲಿ ಒಂದು ದಿನ ಮುಗಿಯಿತು. ಭಾನುವಾರ ವಾಪಸ್ ಬರುವಾಗ ನೆಲಮಂಗಲದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮನೆ ಸೇರುವಾಗ ಸೋಮವಾರ ಒಂದು ಗಂಟೆಯಾದರೆ ಅದು ನಾಲ್ಕನೇ ದಿನ. ಕುಕ್ಕೆ, ಧರ್ಮಸ್ಥಳ ಮಾತ್ರ ಮುಗಿಸಿ ಬಂದರೆ ಗಾಡಿ ಓಡುವುದು 620 ಕಿ.ಮೀ. ಆಸುಪಾಸು. ಬಿಲ್ ಆಗುವುದು 1,200 ಕಿ.ಮೀ.ಗೆ. ಅದೇ ಶನಿವಾರ ಬೆಳಗಿನ ಐದಕ್ಕೆ ಹೊರಟು ಭಾನುವಾರ ಹತ್ತರೊಳಗೆ ಬಂದರೆ ಬಿಲ್ 620ಕ್ಕೇ. ಮೇಲಿನ ದರದಲ್ಲೇ ಗುಣಿಸಿ, ಎರಡು ದಿನದ ಬಾಟಾ ಸೇರಿಸಿ ನೋಡಿ, ವ್ಯತ್ಯಾಸ 15,000 ರೂಪಾಯಿ ದಾಟುತ್ತದೆ. ಕೆಲವು ಮಾಲೀಕರು 24 ಗಂಟೆಗೆ ಒಂದು ದಿನ ಅಂತ ಹಿಡಿಯುತ್ತಾರೆ. ಅಡ್ವಾನ್ಸ್ ಕೊಡುವ ಮೊದಲೇ ಕೇಳಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ. ಕಿ.ಮೀ. ಲೆಕ್ಕ ನಿಮ್ಮ ಮನೆ ಬಾಗಿಲಿಂದಲ್ಲ, ಗಾಡಿಯ ಶೆಡ್ಡಿನಿಂದ ಶೆಡ್ಡಿಗೆ ಅನ್ನುವುದೂ ನೆನಪಿರಲಿ. ಯಲಹಂಕದ ಗಾಡಿಯನ್ನು ಬನಶಂಕರಿಗೆ ಕರೆಸಿಕೊಂಡು ಆಮೇಲೆ ಮೀಟರ್ ನೋಡಿ ಬೆಚ್ಚಿಬೀಳುವುದು ಬೇಡ.

ಹದಿನೈದು ಸಾವಿರ ಹೋದರೆ ಹೋಗಲಿ ಅನ್ನುವವರೂ ಇದ್ದಾರೆ. ಅವರಿಗೆ ಇನ್ನೊಂದು ಪ್ರಶ್ನೆ. ಶುಕ್ರವಾರ ರಾತ್ರಿ ಹತ್ತಕ್ಕೆ ನಿಮ್ಮ ಮನೆ ಮುಂದೆ ಗಾಡಿ ತಂದು ನಿಲ್ಲಿಸಿದ ಡ್ರೈವರ್ ಅಂದು ಬೆಳಗ್ಗೆಯಿಂದ ಎಲ್ಲಿದ್ದ?

ಬೆಂಗಳೂರಿನ ಎಷ್ಟೋ ಟಿಟಿಗಳು ವಾರವಿಡೀ ಕಂಪನಿ ಸಿಬ್ಬಂದಿಯನ್ನು ಕರೆತರುವ, ಬಿಟ್ಟು ಬರುವ ಕೆಲಸದಲ್ಲಿರುತ್ತವೆ. ಬೆಳಗ್ಗೆ ಪಿಕಪ್, ಸಂಜೆ ಡ್ರಾಪ್. ಎಂಟೂವರೆಗೆ ಕೊನೆಯವರನ್ನು ಇಳಿಸಿ, ಎಲ್ಲೋ ಒಂದು ಕಡೆ ನಿಲ್ಲಿಸಿ ನೆಲ ಗುಡಿಸಿ, ಸೀಟಿನ ಬಟ್ಟೆ ಬದಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ನಿಮ್ಮಲ್ಲಿಗೆ ಬಂದಿರುತ್ತಾನೆ. ಗಾಡಿಯೊಳಗೆ ಇಣುಕಿ ನೋಡಿ. ಡ್ಯಾಶ್‌ಬೋರ್ಡಿನ ಮೇಲೆ ಮಂಜುನಾಥಸ್ವಾಮಿಯ ಫೋಟೋಕ್ಕೆ ಹಾಕಿದ ಮಲ್ಲಿಗೆ ಹೊಸದಾಗಿರುತ್ತದೆ, ಊದುಬತ್ತಿ ಇನ್ನೂ ಹೊಗೆಯಾಡುತ್ತಿರುತ್ತದೆ, ಪಕ್ಕದಲ್ಲಿ ಮಡಿಸಿಟ್ಟ ಟವೆಲ್ಲು, ಅರ್ಧ ಖಾಲಿಯಾದ ನೀರಿನ ಬಾಟಲಿ, ಕಾಗದದ ಪೊಟ್ಟಣದಲ್ಲಿ ಹುರಿಗಡಲೆಯೋ ಎಲೆಅಡಿಕೆಯೋ. ಕಡಲೆ ಯಾಕೆ ಅಂದರೆ ಬಾಯಾಡಿಸುತ್ತಿದ್ದರೆ ನಿದ್ದೆ ಬರುವುದಿಲ್ಲ ಅಂತ. "ಅಭ್ಯಾಸ ಆಗ್ಬಿಟ್ಟಿದೆ ಸಾರ್, ಏನೂ ಆಗಲ್ಲ" ಅಂತಾನೆ. ಅವನು ಬೇರೇನು ಹೇಳಲು ಸಾಧ್ಯ? "ನಿದ್ದೆ ಬರ್ತಿದೆ" ಅಂದರೆ ಆ ಬಾಡಿಗೆ ಇನ್ನೊಬ್ಬನಿಗೆ ಹೋಗುತ್ತದೆ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಹತ್ತಿರ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟಿಟಿಯೊಂದು ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ 13 ಜನ ಹೋದರು. 2021ರ ಸಂಕ್ರಾಂತಿಯ ಮಾರನೇ ದಿನ ಧಾರವಾಡದ ಇಟ್ಟಿಗಟ್ಟಿ ಬಳಿ ಟಿಪ್ಪರಿಗೆ ಡಿಕ್ಕಿಯಾದ ಗಾಡಿಯಲ್ಲಿದ್ದವರು ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು. ಎರಡೂ ಗಾಡಿಗಳಲ್ಲಿ ಇದ್ದದ್ದು ನಿಮ್ಮಂಥದೇ ಬಳಗ. ಪ್ರತಿ ಅಪಘಾತಕ್ಕೂ ಅದರದ್ದೇ ಕಾರಣವಿರುತ್ತದೆ, ಎಲ್ಲವನ್ನೂ ನಿದ್ದೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ರಾತ್ರಿ ಎರಡರಿಂದ ಬೆಳಗಿನ ಐದರ ನಡುವಿನ ಹೆದ್ದಾರಿ ಎಂಥದ್ದು ಅನ್ನುವುದನ್ನು ಯಾವ ಲಾರಿ ಡ್ರೈವರನ್ನಾದರೂ ಕೇಳಿ. ಇಂಡಿಕೇಟರ್ ಹಾಕದೆ ಪಕ್ಕಕ್ಕೆ ನಿಲ್ಲಿಸಿದ ಲಾರಿ, ಹಿಂದಿನ ದೀಪವಿಲ್ಲದ ಕಬ್ಬಿನ ಟ್ರಾಕ್ಟರ್, ಅಡ್ಡ ಬರುವ ದನ. ಎಚ್ಚರವಿದ್ದ ಕಣ್ಣಿಗೇ ಅವು ಕೊನೆ ಗಳಿಗೆಯಲ್ಲಿ ಕಾಣುತ್ತವೆ.

ದುಡಿಮೆಯ ಅವಧಿಗೊಂದು ಮಿತಿ ಬೇಕು ಅನ್ನುವುದು ಹೊಸ ಯೋಚನೆಯೇನಲ್ಲ. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ಪ್ರವಾಸದ ಗಾಡಿಯಲ್ಲಿ ಅದನ್ನು ಜಾರಿಗೆ ತರುವ ಇನ್‌ಸ್ಪೆಕ್ಟರ್ ಯಾರೂ ಇರುವುದಿಲ್ಲ. ಆ ಗಾಡಿಯಲ್ಲಿ ಇನ್‌ಸ್ಪೆಕ್ಟರ್ ಅಂದರೆ ನೀವೇ, ಬಾಡಿಗೆ ಕೊಡುವವರು. ರಾತ್ರಿಯೇ ಹೋಗಬೇಕು ಅಂತ ಹಟವಿದ್ದರೆ ಇಬ್ಬರು ಡ್ರೈವರ್ ಕೇಳಿ, ಇಬ್ಬರ ಬಾಟಾ ಕೊಡಿ, ನೀವು ಒಬ್ಬರು ಕಡಿಮೆ ಹೋಗಿ.

ಇನ್ನು ಘಟ್ಟ. ಬಯಲುಸೀಮೆಯಿಂದ ಕರಾವಳಿಗೆ ಇಳಿಯಬೇಕೆಂದರೆ ಯಾವುದಾದರೂ ಒಂದು ಘಟ್ಟ ದಾಟಲೇಬೇಕು, ಮತ್ತು ಘಟ್ಟದಲ್ಲಿ ನಿಮ್ಮ ಫೋನಿನ ಮ್ಯಾಪ್ ಹೇಳುವ ಸಮಯವನ್ನು ನಂಬಬೇಡಿ. ಅದು ಕಾರಿನ ಲೆಕ್ಕ. ತುಂಬಿದ ಟಿಟಿ ತಿರುವುಗಳಲ್ಲಿ ಗಂಟೆಗೆ 25–30ರ ಮೇಲೆ ಹೋಗುವುದಿಲ್ಲ, ಹೋಗಲೂಬಾರದು. ಶಿರಾಡಿ ಅಗಲ, ಆದರೆ ಲಾರಿಗಳ ಸಾಲು. 2024ರ ಜುಲೈ ಮಳೆಯಲ್ಲಿ ಗುಡ್ಡ ಜರಿದು ಬಂದ್ ಆದದ್ದು ನೆನಪಿರಬಹುದು. ಚಾರ್ಮಾಡಿ 2019ರ ಆಗಸ್ಟಿನಲ್ಲಿ ಜರಿದ ಮೇಲೆ ತಿಂಗಳುಗಟ್ಟಲೆ ಮುಚ್ಚಿತ್ತು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಟಿಟಿ, ಮಿನಿಬಸ್ಸು ಸರಾಗವಾಗಿ ಹೋಗುತ್ತವೆ, ದೊಡ್ಡ ಬಸ್ಸಿಗೆ ಆ ದಾರಿಯಿಲ್ಲ. ನಲವತ್ತು ಜನ ಇದ್ದೀರಿ, ದೊಡ್ಡ ಬಸ್ಸೇ ಬೇಕು ಅಂದರೆ ಶೃಂಗೇರಿಯಿಂದ ಉಡುಪಿಗೆ ಆಗುಂಬೆ ಮೇಲೆ ಇಳಿಯುವ ಆಸೆ ಬಿಡಿ. ಮದುವೆಗೆ ಕೊಡುವ ಹಾಗೆ ಕೆಎಸ್ಆರ್‌ಟಿಸಿಯೂ ಬಸ್ಸನ್ನು ಬಾಡಿಗೆಗೆ ಕೊಡುತ್ತದೆ. ಆದರೆ ಅದು ದೊಡ್ಡ ರಸ್ತೆಯ, ಒಂದೆರಡು ಊರಿನ ಟ್ರಿಪ್ಪಿಗೆ ಸರಿ.

ಊಟಿಗೆ ಹೊರಟವರಿಗೆ ಬೇರೆ ಗಡಿಯಾರ. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ವಾಪಸ್ ಬರುವಾಗ ಚಾಕೊಲೇಟ್ ಅಂಗಡಿಯಲ್ಲಿ ಅರ್ಧ ಗಂಟೆ ಜಾಸ್ತಿಯಾದರೆ ಗೇಟಿನ ಆಚೆಯೇ ರಾತ್ರಿ ಕಳೆಯಬೇಕು. ಇಲ್ಲವೇ ಗೇಟ್ ಹಾಕುವುದರೊಳಗೆ ಮುಟ್ಟಿಸು ಅಂತ ಡ್ರೈವರನ ಹಿಂದೆ ಹನ್ನೆರಡು ಜನ ಕೂಗುತ್ತೀರಿ, ಅದು ಇನ್ನೂ ಕೆಟ್ಟದ್ದು. ಮಸಿನಗುಡಿಯಿಂದ ಕಲ್ಹಟ್ಟಿ ಮೇಲೆ ಹತ್ತಿದರೆ ಹತ್ತಿರ ಅಂತ ಯಾರಾದರೂ ಹೇಳುತ್ತಾರೆ. ಅಲ್ಲಿ 36 ತಿರುವು, ಕಡಿದಾದ ಏರು. ತುಂಬಿದ ಟಿಟಿಗೆ ಗೂಡಲೂರು ದಾರಿಯೇ ಸರಿ. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಅದನ್ನು ಮಾಡಿಸುವುದು ಡ್ರೈವರನ ಕೆಲಸ ಅಂದುಕೊಂಡು ಕೂರಬೇಡಿ. ಗಾಡಿಗೆ ಆಲ್ ಇಂಡಿಯಾ ಪರ್ಮಿಟ್ ಇದೆಯೋ, ಕರ್ನಾಟಕದ್ದು ಮಾತ್ರವೋ ಅಂತಲೂ ಕೇಳಿ. ಎರಡನೆಯದಾದರೆ ತಮಿಳುನಾಡಿನ ಟ್ಯಾಕ್ಸ್ ನಿಮ್ಮ ಬಿಲ್ಲಿಗೇ ಬರುತ್ತದೆ.

ಕೆಲವು ಕಡೆ ಗಾಡಿ ಎಷ್ಟೇ ಚೆನ್ನಾಗಿರಲಿ, ಬುಡದಲ್ಲೇ ಬಿಡಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕೆಳಗಿನಿಂದ ಸರ್ಕಾರಿ ಬಸ್ಸೇ. ಕೊಡಚಾದ್ರಿಗೆ ಜೀಪು. ಮಾಂದಲಪಟ್ಟಿಗೂ ಜೀಪು. ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆಗೆ ದೊಡ್ಡ ಗಾಡಿ ಬಿಡುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ, ಚಿಕ್ಕಮಗಳೂರಿನಲ್ಲೇ ವಿಚಾರಿಸಿ. "ದುಡ್ಡು ಕೊಟ್ಟಿದೀವಲ್ಲ, ಹತ್ತಿಸು" ಅಂತ ಡ್ರೈವರನ ಜೊತೆ ವಾದಕ್ಕೆ ನಿಂತರೆ ಗಾಡಿಯೂ ಹತ್ತುವುದಿಲ್ಲ, ಟ್ರಿಪ್ಪಿನ ಮುಖವೂ ಕೆಡುತ್ತದೆ.

ಕಾಗದಪತ್ರದ ಬಗ್ಗೆ ಚುಟುಕಾಗಿ. ಹಳದಿ ಬೋರ್ಡ್ ಗಾಡಿಯೇ ಇರಲಿ. ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ಏನಾದರೂ ಹೆಚ್ಚುಕಡಿಮೆಯಾದರೆ ವಿಮೆಯ ವಿಷಯದಲ್ಲಿ ನೀವು ಅಲೆಯಬೇಕು. ಗಾಡಿಯ ನಂಬರ್ ತರಿಸಿಕೊಂಡು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಅಂತ ಕಾಣುತ್ತದೆ. ಫೋಟೋದಲ್ಲಿ ತೋರಿಸಿದ ಗಾಡಿಯೇ ಬರುತ್ತದೆಯೋ, ಏಜೆಂಟ್ ಕೊನೆ ಗಳಿಗೆಯಲ್ಲಿ ಇನ್ನೊಂದನ್ನು ಕಳಿಸುತ್ತಾನೋ ಅನ್ನುವುದಕ್ಕೂ ನಂಬರೇ ಆಧಾರ. 12 ಸೀಟಿನ ಗಾಡಿಗೆ 16 ಜನರನ್ನು ತುರುಕಬೇಡಿ. ಹೆಚ್ಚುವರಿ ತಲೆಗೆ 200 ರೂಪಾಯಿ ದಂಡ ಅನ್ನುವುದು ದೊಡ್ಡದಲ್ಲ. ಆ ಜನಕ್ಕೆ ಬೇರೆ ವ್ಯವಸ್ಥೆ ಆಗುವವರೆಗೆ ಗಾಡಿಯನ್ನು ಮುಂದೆ ಬಿಡಬಾರದು ಅಂತಲೂ ಆ ದಂಡ ಹೇಳುವ ಕಾನೂನಿನ ಕಲಮಿನಲ್ಲೇ ಇದೆ. ನಡುದಾರಿಯಲ್ಲಿ ಯಾರನ್ನು ಇಳಿಸುತ್ತೀರಿ, ಅತ್ತೆಯನ್ನೋ ಮಾವನನ್ನೋ?

ನಾನಂತೂ 12 ಜನಕ್ಕೆ 12 ಸೀಟಿನ ಗಾಡಿಯನ್ನೂ ಒಪ್ಪುವುದಿಲ್ಲ. 12 ಸೀಟಿನ ಗಾಡಿಗೆ 10 ಜನ, 17ರದ್ದಕ್ಕೆ 14. ಯಾಕೆಂದರೆ ಗಾಡಿಯ ಅಳತೆಯನ್ನು ಹೇಳುವವರು ಸೀಟು ಎಣಿಸುತ್ತಾರೆಯೇ ಹೊರತು ಸೂಟ್‌ಕೇಸನ್ನಲ್ಲ. ಟಿಟಿಯ ಕೊನೆ ಸೀಟಿನ ಹಿಂದಿರುವ ಜಾಗದಲ್ಲಿ ನಾಲ್ಕು ದೊಡ್ಡ ಬ್ಯಾಗು ಇಟ್ಟರೆ ಮುಗಿಯಿತು. ಉಳಿದದ್ದು ಮೇಲಿನ ಕ್ಯಾರಿಯರಿಗೆ ಹೋಗಬೇಕು, ಅದಕ್ಕೆ ಟಾರ್ಪಾಲು ಇದೆಯಾ, ಹಗ್ಗ ಇದೆಯಾ ನೋಡಿ. ಇಲ್ಲದಿದ್ದರೆ ನಡುವಿನ ಓಡಾಡುವ ದಾರಿಯಲ್ಲಿ ಬ್ಯಾಗ್ ತುಂಬಿ, ಪ್ರತಿ ಸ್ಟಾಪಿನಲ್ಲೂ ಅಜ್ಜಿ ಅದನ್ನು ದಾಟಲಾರದೆ ಸೀಟಿನಲ್ಲೇ ಕೂತುಬಿಡುತ್ತಾರೆ.

ಕೂರುವ ಕ್ರಮವನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಹಿಂದಿನ ಉದ್ದನೆಯ ಸೀಟು ಹಿಂಚಕ್ರದ ಮೇಲಿರುತ್ತದೆ, ರಸ್ತೆಯ ಪ್ರತಿ ಉಬ್ಬಿಗೂ ಅಲ್ಲಿದ್ದವರು ಒಂದು ಗೇಣು ಎದ್ದು ಬೀಳುತ್ತಾರೆ. ಹುಡುಗರಿಗೆ ಅದು ಮಜಾ, ಅವರೇ ಅಲ್ಲಿರಲಿ. ವಾಂತಿಯಾಗುವವರು, ಮಂಡಿ ನೋವಿನವರು ಮುಂದೆ. ಕಿಟಕಿ ಪಕ್ಕ ಯಾರಿಗೆ ಅನ್ನುವ ವಿವಾದಕ್ಕೆ ನನ್ನ ಬಳಿಯೂ ಪರಿಹಾರವಿಲ್ಲ. ಅವೋಮಿನ್ ಮಾತ್ರೆಯನ್ನು ವಾಂತಿ ಬಂದ ಮೇಲೆ ಕೊಟ್ಟು ಏನು ಪ್ರಯೋಜನ? ಘಟ್ಟ ಶುರುವಾಗುವ ಒಂದೆರಡು ಗಂಟೆ ಮೊದಲೇ ನುಂಗಿಸಬೇಕು, ಮಕ್ಕಳಿಗಾದರೆ ಡಾಕ್ಟರನ್ನು ಕೇಳಿ. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ಬಂದರೆ ಬಿಡಲು ಮನಸ್ಸಾಗುವುದಿಲ್ಲ ನಿಜ, ಆದರೆ ಎಂಟು ದೋಸೆ ತಿಂದು ಚಾರ್ಮಾಡಿ ಇಳಿಯುವ ಧೈರ್ಯ ಬೇಡ. ಏರಿನಲ್ಲಿ ಡ್ರೈವರ್ ಎಸಿ ಆಫ್ ಮಾಡಿದರೆ "ಎಸಿ ಗಾಡಿಗೆ ದುಡ್ಡು ಕೊಟ್ಟಿದೀವಿ" ಅಂತ ಕೂಗಬೇಡಿ, ಎಂಜಿನ್ನಿಗೆ ಎಳೆಯುವ ಶಕ್ತಿ ಬೇಕಾಗಿ ಆಫ್ ಮಾಡಿರುತ್ತಾನೆ. ಗಾಜು ತೆಗೆಯಿರಿ, ಮಲೆನಾಡಿನ ಗಾಳಿ ಪುಕ್ಕಟೆ.

ಸೌಂಡ್ ಸಿಸ್ಟಮ್ಮಿನ ಬಗ್ಗೆಯೂ ಒಂದು ಮಾತು. ನೀಲಿ, ಕೆಂಪು ಎಲ್‌ಇಡಿ, ಬಾಸು, ಮೈಕು ಇದ್ದರೆ ಮಾತ್ರ ಗಾಡಿ ಅನ್ನುವವರು ಹೆಚ್ಚಿದ್ದಾರೆ. ಕತ್ತಲಾದ ಮೇಲೆ ಒಳಗಿನ ದೀಪ ಝಗಮಗಿಸಿದರೆ ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬವೇ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಡ್ರೈವರ್ ಒಮ್ಮೆ ಹೇಳುತ್ತಾನೆ, ಎರಡನೇ ಸಲ ಹೇಳಲು ಸಂಕೋಚಪಡುತ್ತಾನೆ. ನಡುದಾರಿಯಲ್ಲಿ ಎದ್ದು ಕುಣಿಯುವುದಂತೂ ಹೇಗೂ ಬೇಡ.

ರೂಮ್ ಬುಕ್ ಮಾಡುವಾಗ ಹೋಂಸ್ಟೇಯವರನ್ನು ಈ ಪ್ರಶ್ನೆ ಕೇಳಿ: ಡ್ರೈವರಿಗೆ ಮಲಗಲು ಜಾಗ ಇದೆಯಾ? ಇದೆ ಅಂದರೆ ಅದು ಫ್ಯಾನಿರುವ ರೂಮೋ, ದನದ ಕೊಟ್ಟಿಗೆ ಪಕ್ಕದ ಚಾಪೆಯೋ, ಬಾತ್‌ರೂಮ್ ಎಲ್ಲಿ, ಇದನ್ನೂ ಕೇಳಿ. ಇಲ್ಲ ಅಂದರೆ ಇನ್ನೊಂದು ಹೋಂಸ್ಟೇ ನೋಡಿ, ಇಲ್ಲವೇ ಒಂದು ರೂಮ್ ಜಾಸ್ತಿ ಹಿಡಿಯಿರಿ. ಟಿಟಿಯ ಪುಶ್‌ಬ್ಯಾಕ್ ಸೀಟಿನಲ್ಲಿ ಸೊಳ್ಳೆ ಹೊಡೆದುಕೊಂಡು ರಾತ್ರಿ ಕಳೆದವನ ಕೈಗೆ ಬೆಳಗ್ಗೆ ನಿಮ್ಮ ಮನೆಯ ಮೂರು ತಲೆಮಾರನ್ನು ಕೊಟ್ಟು ಘಟ್ಟ ಇಳಿಯುತ್ತೀರಿ. ರಾತ್ರಿ ಕ್ಯಾಂಪ್‌ಫೈರ್ ಹನ್ನೊಂದೂವರೆಗೆ ಮುಗಿಸಿ "ನಾಳೆ ಬೆಳಗ್ಗೆ ನಾಲ್ಕಕ್ಕೆ ಸನ್‌ರೈಸ್ ಪಾಯಿಂಟ್" ಅಂತ ಅವನನ್ನು ಎಬ್ಬಿಸಿ ಹೇಳುವವರನ್ನು ನೋಡಿದ್ದೇನೆ. ಸೂರ್ಯ ನಾಡಿದ್ದೂ ಹುಟ್ಟುತ್ತಾನೆ. ಊಟಕ್ಕೆ ಕೂತಾಗ ಅವನನ್ನೂ ಕರೆಯಿರಿ. ದಾರಿ ಬದಿಯ ಕೆಲವು ಹೋಟೆಲುಗಳು ಜನರನ್ನು ಕರೆತಂದ ಡ್ರೈವರಿಗೆ ಪುಕ್ಕಟೆ ಊಟ ಹಾಕುತ್ತವೆ, ಸಂಬಾರ ಪದಾರ್ಥದ ಅಂಗಡಿಗಳಲ್ಲಿ ಕಮಿಷನ್ನೂ ಉಂಟು. ಅದಕ್ಕೆ ಕಣ್ಣು ಕೆಂಪಗೆ ಮಾಡಿಕೊಳ್ಳುವ ಬದಲು "ನಾವು ಇಂಥಲ್ಲಿ ತಿನ್ನುತ್ತೇವೆ, ಬಾರಪ್ಪ" ಅಂದರೆ ಮುಗಿಯಿತು.

ಹೀಗೆ ಲೆಕ್ಕ ಹಾಕಿದರೆ ನಿಮ್ಮ ಪಟ್ಟಿಯ ಗತಿ ಏನಾಗುತ್ತದೆ? ಎರಡು ದಿನಕ್ಕೆ ಕುಕ್ಕೆ, ಧರ್ಮಸ್ಥಳ. ಮೂರು ದಿನವಿದ್ದರೆ ಹೊರನಾಡು, ಶೃಂಗೇರಿ ಸೇರಿಸಬಹುದು. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುವ ಹೊತ್ತಿಗೆ ಪ್ರಸಾದದ ಊಟ ಮುಗಿಸಿ, ಡ್ರೈವರ್ ಒಂದು ಗಂಟೆ ಕಣ್ಣು ಮುಚ್ಚಲಿ, ನೀವೂ ನೆರಳಲ್ಲಿ ಕಾಲು ಚಾಚಿ. ಉತ್ತರ ಕರ್ನಾಟಕದವರು ಕ್ರೂಸರ್ ತುಂಬಿಕೊಂಡು ಪಂಢರಪುರ, ತುಳಜಾಪುರ, ಶಿರಡಿ ಒಂದೇ ಓಟದಲ್ಲಿ ಮುಗಿಸುತ್ತೇವೆ ಅಂತ ಹೊರಡುವುದುಂಟು. ಅವರಿಗೂ ಇದೇ ಮಾತು. ವಿಠ್ಠಲನಿಗೆ ಗಡಿಬಿಡಿಯಿಲ್ಲ.

ಕೊನೆಯದಾಗಿ ಮರಳಿ ಬರುವ ರಾತ್ರಿಯ ಬಗ್ಗೆ. ಟ್ರಿಪ್ ಶೀಟಿನಲ್ಲಿ ಹೊರಡುವಾಗಿನ ಕಿ.ಮೀ. ಬರೆಸಿ ಮೀಟರಿನ ಫೋಟೋ ತೆಗೆದಿಟ್ಟುಕೊಂಡಿದ್ದರೆ ಲೆಕ್ಕ ಐದು ನಿಮಿಷದ್ದು. ಬಾಟಾ ಬಿಲ್ಲಿನಲ್ಲೇ ಇರುತ್ತದೆ. ಅದರ ಮೇಲೆ ಏನಾದರೂ ಕೊಡುವುದಿದ್ದರೆ ಮಾಲೀಕನ ಖಾತೆಗೆ ಹಾಕಬೇಡಿ, ಡ್ರೈವರನ ಕೈಗೆ ಕೊಡಿ. ಮತ್ತೆ, ಒಬ್ಬರನ್ನು ಯಶವಂತಪುರದಲ್ಲಿ, ಇಬ್ಬರನ್ನು ಜಯನಗರದಲ್ಲಿ, ಉಳಿದವರನ್ನು ವೈಟ್‌ಫೀಲ್ಡಿನಲ್ಲಿ ಬಾಗಿಲಿಗೇ ಬಿಡು ಅಂತ ಊರೆಲ್ಲ ಸುತ್ತಿಸಬೇಡಿ. ಒಂದೇ ಕಡೆ ಇಳಿದು ಅಲ್ಲಿಂದ ಆಟೋ, ಕ್ಯಾಬ್ ಹಿಡಿಯಿರಿ. ಇಳಿಯುವ ಮುಂಚೆ ಚಿಪ್ಸಿನ ಕವರ್, ಕಿತ್ತಳೆ ಸಿಪ್ಪೆ ಒಂದು ಚೀಲಕ್ಕೆ ತುಂಬಿ. ಅವನು ಇನ್ನೂ ಗಾಡಿಯನ್ನು ಶೆಡ್ಡಿಗೆ ಒಯ್ಯಬೇಕು, ಒಳಗೆಲ್ಲ ತೊಳೆಯಬೇಕು, ಸೋಮವಾರ ಬೆಳಗ್ಗೆ ಆರಕ್ಕೆ ಕಂಪನಿ ಪಿಕಪ್ ಇರುತ್ತದೆ.

ಇಂತಿ,
ಹಿಂದಿನ ಸೀಟಿಗೆ ಒಪ್ಪದ ನಿಮ್ಮವನೊಬ್ಬ